ಹಾಡಿಗೊಂದು ಪತ್ರಿಕೆ: ಪಾಲಿಸುವ ಕಟ್ಟಳೆ, ಮುರಿಯುವ ಕಟ್ಟಳೆ

ಪತ್ರಿಕೆಯನ್ನು ಓದುವುದು ಒಂದು ವಿದ್ಯೆಯಾದರೆ ಪತ್ರಿಕೆಯನ್ನು ಕಟ್ಟುವುದು ಇನ್ನೊಂದು ವಿದ್ಯೆ. ಮೊದಲನೆಯದನ್ನು ಶಾಲೆಯಲ್ಲಿ ಎಲ್ಲರೂ ಅಷ್ಟಿಷ್ಟು ಕಲಿಯುತ್ತಾರೆ. ಎರಡನೆಯದಕ್ಕೆ ಅವಕಾಶ ದೊರೆಯುವುದು ವಿರಳ. ಪ್ರೌಢಶಾಲೆಯ ಮಕ್ಕಳು ಕೈಬರಹದ ಪತ್ರಿಕೆಯೊಂದನ್ನು ತಾವೇ ಸಿದ್ಧಪಡಿಸಿದರೆ ಭಾಷೆ, ಚಿತ್ರಕಲೆ, ಗಣಿತ, ಸಮಾಜ ಇವೆಲ್ಲವೂ ಒಂದೇ ಕೆಲಸದಲ್ಲಿ ಕೂಡಿಬರುತ್ತವೆ. ಈ ಪಾಠಕ್ಕೆ ನಾವು ಸಂಗೀತ ಪತ್ರಿಕೆಯನ್ನು ಆರಿಸಿಕೊಂಡಿದ್ದೇವೆ. ಕಾರಣ ಸರಳವಾದುದು. ನಮ್ಮ ಹೊಳಗುಂದದ ಸುತ್ತಮುತ್ತ ಹಾಡಿಗೆ ಬರವಿಲ್ಲ. ಆ ಹಾಡನ್ನು ಬರೆದಿಟ್ಟ ಕಾಗದಕ್ಕೆ ಮಾತ್ರ ಬರವಿದೆ.

ಪತ್ರಿಕೆ ಮಾಡೋಣವೆಂದೊಡನೆ ಮಕ್ಕಳು ಕೇಳುವ ಪ್ರಶ್ನೆ ಒಂದೇ: "ಅದು ಹೇಗಿರಬೇಕು, ಸಾರ್?" ಅಂಗಡಿಯಲ್ಲಿ ತೂಗುಹಾಕಿದ ಪತ್ರಿಕೆಗಳಂತೆಯೇ ಇರಬೇಕೇ, ಅಥವಾ ನಮಗೆ ತೋಚಿದಂತೆ ಇರಬಹುದೇ? ಈ ಪ್ರಶ್ನೆಗೆ ಉತ್ತರ ಹುಡುಕುವುದೇ ನಮ್ಮ ಪಾಠದ ಉದ್ದೇಶ.

1. ಕಟ್ಟಳೆ ಎಂದರೇನು?

ಮನೆಗೆ ಲಗ್ನಪತ್ರಿಕೆ ಬಂದಾಗ ಓದು ಬಾರದ ಅಜ್ಜಿಯೂ ಅದನ್ನು ದೂರದಿಂದಲೇ ಗುರುತಿಸುತ್ತಾಳೆ. ಮೂಲೆಗೆ ಹಚ್ಚಿದ ಅರಿಶಿನ, ಮೇಲೆ ಮನೆದೇವರು, ನಡುವೆ ದಪ್ಪಕ್ಷರದಲ್ಲಿ ಎರಡು ಹೆಸರು, ಕೆಳಗೆ ಬಂಧುಬಳಗದ ಪಟ್ಟಿ. ಒಳಗಿನ ವಿಷಯ ತಿಳಿಯುವ ಮೊದಲೇ ಹೊರಗಿನ ರೂಪ ಮಾತನಾಡಿಬಿಟ್ಟಿರುತ್ತದೆ. ಹೀಗೆ ಬರೆಯುವವರೂ ಓದುವವರೂ ಮೊದಲೇ ಒಪ್ಪಿಕೊಂಡಿರುವ ರೂಪಕ್ಕೆ ಕಟ್ಟಳೆ ಎನ್ನೋಣ. ಒಂದೇ ಬಗೆಯ ಕಟ್ಟಳೆಗೆ ಒಳಪಟ್ಟ ಬರಹಗಳ ಗುಂಪಿಗೆ ಪ್ರಕಾರ ಎಂಬ ಹೆಸರು ನಿಮಗೆ ಗೊತ್ತಿದೆ. ಷಟ್ಪದಿಯೆಂದರೆ ಆರು ಸಾಲು. ಮೂರನೆಯದೂ ಆರನೆಯದೂ ಉಳಿದವುಗಳಿಗಿಂತ ಉದ್ದ. ಇದು ಪದ್ಯದ ಕಟ್ಟಳೆ. ಪತ್ರಿಕೆಗೂ ಇಂತಹವೇ ಕಟ್ಟಳೆಗಳಿವೆ.

ಹಳೆಯ ಸಿನಿಮಾ ಹಾಡಿನ ಪುಸ್ತಕಗಳನ್ನು ನಿಮ್ಮ ತಾತಂದಿರು ಕಂಡಿರುತ್ತಾರೆ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ತೆರೆಕಂಡಿತು. ವಾಕ್ಚಿತ್ರಗಳ ಜೊತೆಗೆ ಬೆಳೆದದ್ದು ಈ ಪುಟ್ಟ ಪುಸ್ತಕಗಳ ಮಾರಾಟ. ಮುಖಪುಟದಲ್ಲಿ ನಾಯಕ ನಾಯಕಿಯರು, ಒಳಗೆ ತಾರಾಗಣ, ಆಮೇಲೆ ಕಥಾಸಾರಾಂಶ, ಕೊನೆಗೆ ಹಾಡುಗಳು. ಕಥೆಯನ್ನು ಮಾತ್ರ ಪೂರ್ತಿ ಹೇಳುವಂತಿಲ್ಲ. ಕುತೂಹಲದ ತುದಿಯಲ್ಲಿ ನಿಲ್ಲಿಸಿ, ಉಳಿದುದನ್ನು ಬೆಳ್ಳಿತೆರೆಯ ಮೇಲೆಯೇ ನೋಡಿರೆಂದು ಕೈಮುಗಿಯಬೇಕು. ಓದುಗನಿಗೆ ಈ ಆಟ ಗೊತ್ತು. ಗೊತ್ತಿದ್ದೂ ಅವನು ಅದನ್ನೇ ಬಯಸುತ್ತಿದ್ದ. ಕಟ್ಟಳೆಯ ಗುಣವೇ ಇದು. ಅದು ಓದುಗನಿಗೆ ಕೊಟ್ಟ ಮಾತು.

2. ಸಂಗೀತವು ಪತ್ರಿಕೆಗೆ ಬಂದ ಬಗೆ

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'. ಹರ್ಮನ್ ಮೋಗ್ಲಿಂಗ್ ಅದನ್ನು 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರತಂದನು. ಮರುವರ್ಷವೇ ಅದು ಬಳ್ಳಾರಿಗೆ ಬಂದು 'ಕನ್ನಡ ಸಮಾಚಾರ'ವಾಯಿತು. ಅಂದರೆ ಕನ್ನಡ ಪತ್ರಿಕೆಯು ಕಣ್ಣು ಬಿಟ್ಟ ಎರಡನೆಯ ವರ್ಷದಲ್ಲಿಯೇ ನಮ್ಮ ನೆರೆಯ ಊರಿಗೆ ಬಂದಿತ್ತು. ಊರ ವರ್ತಮಾನ, ಸರಕಾರದ ನಿರೂಪಗಳೊಡನೆ ಆ ಪತ್ರಿಕೆಯಲ್ಲಿ ಪುರಂದರದಾಸರ ಪದಗಳಿಗೂ ಸ್ಥಳವಿತ್ತು. ಹಾಡು ಮತ್ತು ಪತ್ರಿಕೆಯ ನಂಟು ಕನ್ನಡದಲ್ಲಿ ಹೊಸದಲ್ಲ.

ಸಂಗೀತಕ್ಕಾಗಿಯೇ ಮೀಸಲಾದ ಪತ್ರಿಕೆಗಳಲ್ಲಿ ಎರಡು ದಾರಿಗಳನ್ನು ಕಾಣುತ್ತೇವೆ. ಒಂದು ವಿದ್ವಾಂಸರ ದಾರಿ. 1928ರಲ್ಲಿ ಸ್ಥಾಪಿತವಾದ ಮದರಾಸಿನ ಮ್ಯೂಸಿಕ್ ಅಕಾಡೆಮಿ 1930ರಿಂದ ತನ್ನ ಪತ್ರಿಕೆಯನ್ನು ಪ್ರಕಟಿಸತೊಡಗಿತು. ರಾಗಲಕ್ಷಣ, ಶಾಸ್ತ್ರಗ್ರಂಥ, ವಿದ್ವಾಂಸರ ಚರ್ಚೆ ಇವು ಅದರ ಹೂರಣ. ಮುಂದೆ 1983ರ ಅಕ್ಟೋಬರಿನಲ್ಲಿ ಎನ್. ಪಟ್ಟಾಭಿರಾಮನ್ ಅವರು ಅದೇ ಊರಿನಿಂದ 'ಶ್ರುತಿ' ಎಂಬ ಇಂಗ್ಲಿಷ್ ಮಾಸಿಕವನ್ನು ಆರಂಭಿಸಿ ಶಾಸ್ತ್ರೀಯ ಸಂಗೀತ ನೃತ್ಯಗಳ ಕಲಾವಿದರನ್ನು ಸಾಮಾನ್ಯ ರಸಿಕರ ಹತ್ತಿರಕ್ಕೆ ತಂದರು.

ಇನ್ನೊಂದು ಜನಪ್ರಿಯ ಸಂಗೀತದ ದಾರಿ. ಲಂಡನ್ನಿನ 'ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್' ಎಂಬ ವಾರಪತ್ರಿಕೆ 1952ರ ನವೆಂಬರ್ 14ರಂದು ಹೊಸತೊಂದನ್ನು ಮಾಡಿತು. ಸುಮಾರು 20 ಅಂಗಡಿಗಳಿಗೆ ದೂರವಾಣಿ ಮಾಡಿ, ಆ ವಾರ ಯಾವ ಹಾಡಿನ ಧ್ವನಿಮುದ್ರಿಕೆ ಎಷ್ಟು ಮಾರಾಟವಾಯಿತೆಂದು ಕೇಳಿ, 12 ಸ್ಥಾನಗಳ ಪಟ್ಟಿಯೊಂದನ್ನು ಅಚ್ಚು ಹಾಕಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸಿಲೋನ್ ರೇಡಿಯೋದಲ್ಲಿ ಅಮೀನ್ ಸಯಾನಿಯವರ 'ಬಿನಾಕಾ ಗೀತಮಾಲಾ' ಆರಂಭವಾಯಿತು. ಹಿಂದಿ ಹಾಡುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಇಳಿಸಿ ಕೇಳಿಸುವ ಆ ಕಾರ್ಯಕ್ರಮಕ್ಕಾಗಿ ಬುಧವಾರದ ರಾತ್ರಿ ರೇಡಿಯೋ ಇದ್ದ ಮನೆಗಳ ಮುಂದೆ ಜನ ಸೇರುತ್ತಿದ್ದರು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1967ರ ನವೆಂಬರ್ 9ರ ದಿನಾಂಕದೊಡನೆ 'ರೋಲಿಂಗ್ ಸ್ಟೋನ್' ಪತ್ರಿಕೆಯ ಮೊದಲ ಸಂಚಿಕೆ ಬಂತು. ಮುಖಪುಟದ ಮೇಲೆ ಗಾಯಕ ಜಾನ್ ಲೆನನ್ನನ ಚಿತ್ರ. ಪ್ರಸಿದ್ಧರೊಬ್ಬರ ಮುಖವನ್ನು ತೋರಿಸಿ ಓದುಗರನ್ನು ಕರೆಯುವ ಪದ್ಧತಿಗೆ ಈ ಪತ್ರಿಕೆ ಹೆಸರಾಯಿತು.

3. ಕಟ್ಟಳೆಗಳ ಪಟ್ಟಿ ಮತ್ತು ಕಾರಣ

ಇವೆಲ್ಲವನ್ನೂ ಎದುರಿಗಿಟ್ಟುಕೊಂಡರೆ ಸಂಗೀತ ಪತ್ರಿಕೆಯ ಮುಖ್ಯ ಕಟ್ಟಳೆಗಳು ಹೀಗೆ ಕಂಡುಬರುತ್ತವೆ. ಪ್ರತಿಯೊಂದಕ್ಕೂ ಕಾರಣವನ್ನು ಕೂಡಿಸಿಯೇ ಕಲಿಯಬೇಕು. ಕಾರಣ ತಿಳಿಯದೆ ಕಟ್ಟಳೆಯನ್ನು ಪಾಲಿಸುವುದೂ ಕುರುಡು, ಮುರಿಯುವುದೂ ಕುರುಡು.

ಅ) ಪತ್ರಿಕೆಯ ಹೆಸರು ಮುಖಪುಟದ ಮೇಲ್ಭಾಗದಲ್ಲಿ, ಪ್ರತಿ ಸಂಚಿಕೆಯಲ್ಲಿಯೂ ಒಂದೇ ರೀತಿಯ ಅಕ್ಷರದಲ್ಲಿರುತ್ತದೆ. ಅಂಗಡಿಯಲ್ಲಿ ಪತ್ರಿಕೆಗಳನ್ನು ಒಂದರ ಮೇಲೊಂದು ಜೋಡಿಸಿದಾಗ ಮೇಲಿನ ಅಂಚು ಮಾತ್ರ ಕಾಣುವುದರಿಂದ ಈ ಏರ್ಪಾಡು.

ಆ) ಮುಖಪುಟದಲ್ಲಿ ಒಂದು ದೊಡ್ಡ ಚಿತ್ರ, ಬಹುಮಟ್ಟಿಗೆ ಒಬ್ಬ ಕಲಾವಿದರ ಮುಖ. ಮನುಷ್ಯನ ಕಣ್ಣು ಮೊದಲು ಮನುಷ್ಯನ ಮುಖವನ್ನೇ ಹುಡುಕುತ್ತದೆ.

ಇ) ಚಿತ್ರದ ಪಕ್ಕದಲ್ಲಿ ಒಳಗಿನ ಲೇಖನಗಳ ಸೂಚನೆ. ಕೊಳ್ಳುವ ಮೊದಲು ಓದುಗನಿಗೆ ರುಚಿ ತೋರಿಸುವುದು ಇದರ ಕೆಲಸ.

ಈ) ಪರಿವಿಡಿ, ಪುಟಸಂಖ್ಯೆ, ಅಂಕಣಗಳು. ಇವು ದಾರಿಯ ಕೈಮರಗಳು.

ಉ) ನಡುಪುಟ. ಪತ್ರಿಕೆಯನ್ನು ಬಿಚ್ಚಿದರೆ ಎರಡು ಪುಟ ಸೇರಿ ಒಂದೇ ಹಾಳೆಯಾಗುವ ಸ್ಥಳ. ಮುಖ್ಯ ಲೇಖನಕ್ಕೂ ದೊಡ್ಡ ಚಿತ್ರಕ್ಕೂ ಇದು ಮೀಸಲು.

ಊ) ಜನಪ್ರಿಯ ಹಾಡುಗಳ ಪಟ್ಟಿ, ಕಚೇರಿಗಳ ವಿಮರ್ಶೆ, ಓದುಗರ ಓಲೆ.

ಋ) ಹಾಡನ್ನು ಅಚ್ಚು ಮಾಡುವಾಗ ರಾಗ, ತಾಳ, ರಚಿಸಿದವರ ಹೆಸರು ಮೊದಲು, ಅನಂತರ ಪಲ್ಲವಿ, ಅನುಪಲ್ಲವಿ, ಚರಣ. ಸ್ವರಲಿಪಿಯಿದ್ದರೆ ಅದಕ್ಕೂ ನಿಯಮವಿದೆ. ಸ್ವರಾಕ್ಷರದ ಮೇಲೆ ಚುಕ್ಕೆಯಿದ್ದರೆ ತಾರಸ್ಥಾಯಿ, ಕೆಳಗಿದ್ದರೆ ಮಂದ್ರಸ್ಥಾಯಿ. ಮುಂದೆ ಅಲ್ಪವಿರಾಮ ಬಂದರೆ ಒಂದು ಅಕ್ಷರಕಾಲ, ಅರ್ಧವಿರಾಮ ಬಂದರೆ ಎರಡು ಅಕ್ಷರಕಾಲ ಸ್ವರವನ್ನು ಎಳೆಯಬೇಕು. ಸುಬ್ಬರಾಮ ದೀಕ್ಷಿತರು 1904ರಲ್ಲಿ ಎಟ್ಟಯಪುರದಿಂದ ಹೊರತಂದ 'ಸಂಗೀತ ಸಂಪ್ರದಾಯ ಪ್ರದರ್ಶಿನಿ' ತೆಲುಗು ಲಿಪಿಯಲ್ಲಿದೆ. ಸ್ವರವನ್ನು ಹೇಗೆ ಆಡಿಸಬೇಕೆಂದು ತೋರಿಸಲು ಅವರು ಗಮಕಗಳಿಗೂ ಗುರುತುಗಳನ್ನು ಹಾಕಿದರು.

4. ಮುರಿದವರು ಯಾರು?

ಕಟ್ಟಳೆ ಮುರಿಯುವುದೆಂದರೆ ಅಡ್ಡಾದಿಡ್ಡಿ ಬರೆಯುವುದಲ್ಲ. ಪಂಪಾಪತಿಯ ಹಂಪೆಯನ್ನೇ ನೋಡಿ. ಹರಿಹರನು 'ಗಿರಿಜಾಕಲ್ಯಾಣ'ವನ್ನು ಚಂಪುವಿನಲ್ಲಿಯೇ ಬರೆದವನು. ಪಂಡಿತರ ಕಟ್ಟಳೆ ಅವನಿಗೆ ಕರತಲಾಮಲಕ. ಆದರೆ ಶಿವಶರಣರ ಬಾಳನ್ನು ಹೇಳಹೊರಟಾಗ ಅವನು ರಗಳೆಯನ್ನು ಹಿಡಿದನು. ಕುಂಬಾರ, ಬೇಡ, ಅಗಸರ ಕಥೆಯನ್ನು ಸಾಮಾನ್ಯರ ಕಿವಿಗೆ ಮುಟ್ಟಿಸಲು ಓಡುವ ಸಾಲು ಬೇಕಾಗಿತ್ತು. ಅವನ ಸೋದರಳಿಯ ರಾಘವಾಂಕನು ಷಟ್ಪದಿಯಲ್ಲಿ 'ಹರಿಶ್ಚಂದ್ರ ಕಾವ್ಯ'ವನ್ನು ಬರೆದು ಮುಂದಿನ ಕವಿಗಳಿಗೆ ಹೆದ್ದಾರಿ ಹಾಕಿದನು. ವಸ್ತು ಬೇಡಿದ್ದರಿಂದ ರೂಪ ಬದಲಾಯಿತು. ನಿನ್ನೆ ಮುರಿದದ್ದು ನಾಳೆಯ ಕಟ್ಟಳೆಯಾಯಿತು.

ಪತ್ರಿಕೆಗಳಲ್ಲಿಯೂ ಹೀಗೆಯೇ ನಡೆದಿದೆ. 1976ರ ಜುಲೈಯಲ್ಲಿ ಲಂಡನ್ನಿನ ಮಾರ್ಕ್ ಪೆರಿ ಎಂಬ ಬ್ಯಾಂಕ್ ಗುಮಾಸ್ತ, ಇನ್ನೂ ಇಪ್ಪತ್ತು ತುಂಬದ ಹುಡುಗ, 'ಸ್ನಿಫಿನ್ ಗ್ಲೂ' ಎಂಬ ಪತ್ರಿಕೆಯನ್ನು ಮನೆಯಲ್ಲಿಯೇ ಮಾಡಿದನು. ಅವನಿಗೆ ಇಷ್ಟವಾದ ಹೊಸ ಬಗೆಯ ಹಾಡುಗಾರರನ್ನು ದೊಡ್ಡ ಪತ್ರಿಕೆಗಳು ಕಣ್ಣೆತ್ತಿ ನೋಡುತ್ತಿರಲಿಲ್ಲ. ಬೆರಳಚ್ಚು ಯಂತ್ರದಲ್ಲಿ ಲೇಖನ, ದಪ್ಪ ಪೆನ್ನಿನಲ್ಲಿ ತಲೆಬರಹ, ಹೊಡೆದುಹಾಕಿದ ತಪ್ಪುಗಳು ಹಾಗೆಯೇ. ಎಲ್ಲವನ್ನೂ ಜೆರಾಕ್ಸ್ ಮಾಡಿ ಮೂಲೆಗೆ ಪಿನ್ನು ಹೊಡೆದದ್ದು. ಮೊದಲ ಸಂಚಿಕೆ ಸುಮಾರು 50 ಪ್ರತಿ. ಮರುವರ್ಷ ಪತ್ರಿಕೆ ನಿಂತಿತು. ಅಷ್ಟರಲ್ಲಿ ಅದರ ಪ್ರತಿಗಳು ಸಾವಿರಗಟ್ಟಲೆ ಹರಡಿದ್ದವು. ಒರಟಾದ ಪುಟವು ಒರಟಾದ ಸಂಗೀತಕ್ಕೆ ತಕ್ಕ ಅಂಗಿಯಾಗಿತ್ತು. ಗಮನಿಸಿ: ಅವನು ಹೆಸರನ್ನು ಮುಖಪುಟದ ಮೇಲ್ಗಡೆಯೇ ಬರೆದನು, ಸಂಚಿಕೆಯ ಸಂಖ್ಯೆ ಹಾಕಿದನು, ಯಾವ ಹಾಡು ಯಾರದೆಂದು ತಿಳಿಸಿದನು. ದಾರಿ ತೋರಿಸುವ ಕೈಮರಗಳನ್ನು ಅವನೂ ಕೀಳಲಿಲ್ಲ.

ಆದುದರಿಂದ ನಾವು ಒಂದು ಸೂತ್ರವನ್ನು ಮಾಡಿಕೊಳ್ಳೋಣ. ಓದುಗನಿಗೆ ದಾರಿ ತೋರಿಸುವ ಕಟ್ಟಳೆಯನ್ನು ಉಳಿಸಿಕೊಳ್ಳಬೇಕು. ನಾವು ಹೇಳಬೇಕಾದ ಹಾಡನ್ನೇ ಹೊರಗಿಡುವ ಕಟ್ಟಳೆಯನ್ನು ಬಿಡಬೇಕು.

5. ನಮ್ಮ ನೆಲದ ಹಾಡಿಗೆ ಈ ಅಚ್ಚು ಹೊಂದುತ್ತದೆಯೇ?

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿ ಮೈಸೂರಿಗೆ ಸೇರಿತು. ಗಡಿ ಬಂದದ್ದು ಆಗ. ಹಾಡು ಅದಕ್ಕೂ ಬಹಳ ಹಿಂದಿನದು. ಹರಿದಾಸರಲ್ಲಿ ಅಗ್ರಗಣ್ಯರಾದ ವಿಜಯದಾಸರು ತಮ್ಮ ಕೊನೆಯ ದಿನಗಳನ್ನು ಕಳೆದದ್ದು ಇಂದು ಕರ್ನೂಲು ಜಿಲ್ಲೆಯಲ್ಲಿರುವ ಚಿಪ್ಪಗಿರಿಯಲ್ಲಿ. 1755ರಲ್ಲಿ ಅವರು ಕಾಲವಾದದ್ದೂ ಅಲ್ಲಿಯೇ. ಮಂತ್ರಾಲಯದಲ್ಲಿ ತುಂಗಭದ್ರೆಯ ದಡದ ಮೇಲೆ ಇಂದಿಗೂ ಕನ್ನಡ ದಾಸರ ಪದಗಳು ಕೇಳಿಬರುತ್ತವೆ. ಮೊಹರಂ ಬಂತೆಂದರೆ ಈ ಸೀಮೆಯ ಹಳ್ಳಿಗಳಲ್ಲಿ ಪೀರಲ ದೇವರ ಮುಂದೆ ಹಿಂದೂ ಮುಸ್ಲಿಮರು ಕೂಡಿಯೇ ಅಲಾಯಿ ಕುಣಿಯುತ್ತಾರೆ, ರಿವಾಯತು ಹಾಡುತ್ತಾರೆ. ಸೋಬಾನೆ, ಕೋಲಾಟದ ಪದ, ಡೊಳ್ಳಿನ ಪದ, ಭಜನೆ, ತತ್ವಪದ, ತೆಲುಗು ಕನ್ನಡ ಎರಡರಲ್ಲಿಯೂ ನಡೆಯುವ ಬುರ್ರಕಥೆ, ಇವುಗಳ ಜೊತೆಗೆ ಎರಡು ಭಾಷೆಯ ಸಿನಿಮಾ ಹಾಡುಗಳು. ಇಷ್ಟು ಸಂಪತ್ತನ್ನು ಮೇಲೆ ಹೇಳಿದ ಅಚ್ಚಿನಲ್ಲಿ ಹೊಯ್ದರೆ ಏನಾಗುತ್ತದೆಂದು ಒಂದೊಂದಾಗಿ ನೋಡೋಣ.

ಮುಖಪುಟದ ಚಿತ್ರ: ನಮ್ಮ ಪತ್ರಿಕೆ ಅಂಗಡಿಯಲ್ಲಿ ಮಾರುವಂತಹುದಲ್ಲ. ಡೊಳ್ಳು ಬಾರಿಸುವ ದೊಡ್ಡಪ್ಪನ ಮುಖವನ್ನು ನಾವು ದಿನವೂ ಕಟ್ಟೆಯ ಮೇಲೆ ಕಾಣುತ್ತೇವೆ. ಕಾಣದೆ ಇರುವುದು ಆತನ ಕೈ: ಬಲಗೈಯ ಕೋಲು ಚರ್ಮದ ಯಾವ ಭಾಗಕ್ಕೆ ಬೀಳುತ್ತದೆ, ಎಡಗೈ ಏನು ಮಾಡುತ್ತದೆ ಎಂಬುದು. ಮುಖದ ಬದಲು ಕೈಯನ್ನು, ಗುಮ್ಮಟೆಯನ್ನು, ತಂಬೂರಿಯನ್ನು ಬರೆಯೋಣ. ಇದು ಕಟ್ಟಳೆಯನ್ನು ಮುರಿದಂತೆ. ಆದರೆ ಓದುಗನ ಕಣ್ಣನ್ನು ಸಂಗೀತದ ಕಡೆಗೇ ತಿರುಗಿಸಿದಂತೆ.

ಹಾಡಿನ ಒಡೆತನ: ದಾಸರ ಪದದಲ್ಲಿ ಕವಿಯ ಹೆಸರು ಹಾಡಿನ ಒಳಗೇ ಇರುತ್ತದೆ. 'ವಿಜಯವಿಠಲ' ಎಂಬ ಅಂಕಿತ ಬಂದೊಡನೆ ವಿಜಯದಾಸರದೆಂದು ತಿಳಿಯುತ್ತೇವೆ. ಪತ್ರಿಕೆಯವರು ತಲೆಬರಹದ ಕೆಳಗೆ ಹಾಕುವ ಹೆಸರನ್ನು ಇವರು ಹಾಡಿನ ಕೊನೆಗೆ ಹೆಣೆದುಬಿಟ್ಟರು. ಆದರೆ ಸೋಬಾನೆ ಪದಕ್ಕೆ ಅಂಕಿತವಿಲ್ಲ. "ಅಜ್ಜೀ, ಈ ಪದ ಯಾರು ಕಟ್ಟಿದ್ದು?" ಎಂದು ಕೇಳಿ ನೋಡಿ. "ಯಾರು ಕಟ್ಟಿದ್ರೋ ಏನೋ ಯಪ್ಪಾ, ನಮ್ಮವ್ವ ಹಾಡ್ತಿದ್ಲು, ನಾ ಕಲ್ತೆ" ಎಂಬ ಉತ್ತರ ಬರುತ್ತದೆ. ರಚಿಸಿದವರ ಹೆಸರಿಲ್ಲವೆಂದು ಅಲ್ಲಿ 'ಅಜ್ಞಾತ' ಎಂದು ಬರೆದು ಮುಂದೆ ಹೋಗಬಾರದು. ಹಾಡಿದವರು ಯಾರು, ಅವರು ಕಲಿತದ್ದು ಯಾರಿಂದ, ತವರೂರು ಯಾವುದು, ನಾವು ಬರೆದುಕೊಂಡ ದಿನ ಯಾವುದು, ಈ ನಾಲ್ಕನ್ನೂ ಬರೆಯಬೇಕು. ಸಿರುಗುಪ್ಪದಿಂದ ಸೊಸೆಯಾಗಿ ಬಂದವಳ ಜೊತೆಗೆ ಹಾಡೂ ಬಂದಿರುತ್ತದೆ. ಹಾಡಿನ ಊರೂರ ಪ್ರಯಾಣ ಈ ನಾಲ್ಕು ಸಾಲುಗಳಿಂದಲೇ ತಿಳಿಯುವುದು.

ಭಾಷೆ ಮತ್ತು ಲಿಪಿ: ಕನ್ನಡ ಪತ್ರಿಕೆಯಲ್ಲಿ ಕನ್ನಡವೇ ಇರಬೇಕೆಂಬುದು ಕಟ್ಟಳೆ. ನಮ್ಮ ಬುರ್ರಕಥೆಯಲ್ಲಿ ಕಥೆ ಒಂದು ಭಾಷೆ, ಹಾಸ್ಯ ಇನ್ನೊಂದು ಭಾಷೆಯಾಗಿರುವುದುಂಟು. ಕನ್ನಡದ ಭಾಗವನ್ನು ಮಾತ್ರ ಆರಿಸಿ ಬರೆದರೆ ಹಾಡು ಅರ್ಧ ಉಳಿಯುತ್ತದೆ, ಸತ್ಯವೂ ಅರ್ಧವೇ ಉಳಿಯುತ್ತದೆ. ಎಲ್ಲವನ್ನೂ ಕನ್ನಡ ಲಿಪಿಯಲ್ಲಿಯೇ ಬರೆಯೋಣ. ತೆಲುಗಿನ ಸಾಲಿಗೆ ಕೆಳಗೆ ಅರ್ಥ ಕೊಡೋಣ. ಉರ್ದು ಮಾತಿನ ಉಚ್ಚಾರಕ್ಕೆ ನಮ್ಮಲ್ಲಿ ಅಕ್ಷರವಿಲ್ಲವೆಂದು ಚಿಂತಿಸಬೇಕಿಲ್ಲ. ಅಕ್ಷರದ ಕೆಳಗೆ ಎರಡು ಚುಕ್ಕೆಯಿಟ್ಟು ಜ಼, ಫ಼ ಎಂದು ಬರೆಯುವ ಪದ್ಧತಿ ಕನ್ನಡದಲ್ಲಿದೆ.

ತಿದ್ದುಪಡಿ: ನಾವು ಕನ್ನಡ ಮಾಸ್ತರರು. ಉತ್ತರಪತ್ರಿಕೆಯಲ್ಲಿ 'ಹೋಗ್ಯಾನ', 'ಬರ್ತಾಳ' ಎಂದು ಬರೆದರೆ ಕೆಂಪು ಮಸಿಯಿಂದ ತಿದ್ದುವುದು ನಮ್ಮ ಕೆಲಸ. ಪರೀಕ್ಷೆಯಲ್ಲಿ ಗ್ರಂಥಭಾಷೆಯನ್ನು ಕಲಿತಿದ್ದೀರೋ ಇಲ್ಲವೋ ಎಂಬುದನ್ನು ನೋಡುತ್ತೇವೆ. ಆದರೆ ಹಾಡಿದವರ ಬಾಯಿಂದ ಬಂದ ಮಾತಿಗೆ ಕೆಂಪು ಮಸಿ ಮುಟ್ಟಿಸಬಾರದು. ತಿದ್ದಿದರೆ ಪ್ರಾಸ ಕೆಡುತ್ತದೆ, ತಾಳ ತಪ್ಪುತ್ತದೆ. ಅದಕ್ಕಿಂತ ಹೆಚ್ಚಾಗಿ ಹಾಡಿದ ಹೆಂಗಸಿಗೆ ತನ್ನ ಮಾತು ಕೀಳೆಂಬ ನಾಚಿಕೆ ಹುಟ್ಟುತ್ತದೆ. ಸಂಪಾದಕನು ತನ್ನ ಮುನ್ನುಡಿಯನ್ನು ಶುದ್ಧ ಗ್ರಂಥಭಾಷೆಯಲ್ಲಿ ಬರೆಯಲಿ. ಹಾಡನ್ನು ಕೇಳಿದಂತೆಯೇ ಬರೆಯಲಿ. ಒಂದೇ ಪುಟದಲ್ಲಿ ಎರಡು ಕನ್ನಡಗಳಿದ್ದರೆ ಪುಟಕ್ಕೆ ಕುಂದಿಲ್ಲ.

ಸ್ವರಲಿಪಿ: ರಾಗ ತಾಳಗಳ ಹೆಸರಿಲ್ಲದ ಹಾಡಿಗೆ ಶಾಸ್ತ್ರದ ಗುರುತುಗಳನ್ನು ಬಲವಂತವಾಗಿ ಹಚ್ಚಬಾರದು. ನಾವೇ ಸುಲಭವಾದ ಗುರುತು ಮಾಡಿಕೊಳ್ಳೋಣ. ಚಪ್ಪಾಳೆ ಬೀಳುವ ಅಕ್ಷರದ ಕೆಳಗೆ ಗೆರೆ. ಉಸಿರು ತೆಗೆದುಕೊಳ್ಳುವಲ್ಲಿ ಓರೆಗೆರೆ. ಎಳೆಯುವ ಅಕ್ಷರದ ಮುಂದೆ ಶಾಸ್ತ್ರದಲ್ಲಿರುವಂತೆಯೇ ಅಲ್ಪವಿರಾಮ. ಹಿಮ್ಮೇಳದವರು ಹೇಳುವ ಸಾಲಿಗೆ ಮೊದಲು 'ಹಿ' ಎಂಬ ಅಕ್ಷರ. ಸಂಚಿಕೆಯ ಮೊದಲಿಗೆ ಈ ಗುರುತುಗಳ ಅರ್ಥವನ್ನು ಬರೆಯಲೇಬೇಕು. ಹೊಸ ಕಟ್ಟಳೆ ಮಾಡುವವನು ಅದನ್ನು ಓದುಗನಿಗೆ ಮೊದಲೇ ಹೇಳಿಕೊಡಬೇಕು.

ಜನಪ್ರಿಯ ಹಾಡುಗಳ ಪಟ್ಟಿ: ಮೊದಲ ಸ್ಥಾನ, ಎರಡನೆಯ ಸ್ಥಾನ ಎಂಬುದು ಅಂಗಡಿಯ ಲೆಕ್ಕ. ಬೀಸುವ ಪದಕ್ಕೂ ಮೊಹರಂ ಪದಕ್ಕೂ ಸ್ಪರ್ಧೆ ಹೂಡಿ ಏನು ಫಲ? ಆದರೆ ಪಟ್ಟಿಯೆಂಬುದು ಓದುಗರಿಗೆ ಪ್ರಿಯವಾದುದು. ಅದನ್ನು ಕೈಬಿಡುವುದು ಬೇಡ. ಪಟ್ಟಿಯನ್ನು ತಿಂಗಳ ಪ್ರಕಾರ ಮಾಡೋಣ: ಕಾರಹುಣ್ಣಿಮೆಗೆ ಯಾವ ಪದ, ಶ್ರಾವಣದ ಭಜನೆಗೆ ಯಾವುದು, ಕಳೆ ತೆಗೆಯುವಾಗ ಯಾವುದು, ಈಗ ಹಾಡುವವರು ಎಷ್ಟು ಮಂದಿ ಉಳಿದಿದ್ದಾರೆ. ಕೊನೆಯ ಕಲಮು ಬಹಳ ಮುಖ್ಯ. ಒಂದು ಹಾಡಿನ ಮುಂದೆ 'ಒಬ್ಬರು' ಎಂದು ಬರೆಯಬೇಕಾಗಿ ಬಂದರೆ, ಮುಂದಿನ ಭಾನುವಾರ ಆ ಮನೆಗೇ ಮೊದಲು ಹೋಗಬೇಕೆಂದು ಅರ್ಥ.

ಸುದ್ದಿ: ನಮ್ಮ ಮಂಡಲದ ದೇವರಗಟ್ಟಿನಲ್ಲಿ ವಿಜಯದಶಮಿಯ ರಾತ್ರಿ ಮಾಳಮ್ಮ ಮಲ್ಲೇಶ್ವರರ ಬನ್ನಿ ಉತ್ಸವ ನಡೆಯುತ್ತದೆ. ಮರುದಿನದ ಪತ್ರಿಕೆಗಳಲ್ಲಿ ಬಡಿಗೆ ಎತ್ತಿದ ಕೈಗಳ ಚಿತ್ರ, ಗಾಯಗೊಂಡವರ ಸಂಖ್ಯೆ ಇವು ವರ್ಷವರ್ಷವೂ ಬರುತ್ತವೆ. ಗಾಯಗೊಂಡವರ ಸುದ್ದಿ ಬರಲೇಬೇಕು. ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಸಂಗೀತ ಪತ್ರಿಕೆಯವರು ಅಲ್ಲಿಗೆ ಹೋದರೆ ಬೇರೆ ಪ್ರಶ್ನೆ ಕೇಳಬೇಕು. ಉತ್ಸವದಲ್ಲಿ ಯಾವ ಊರಿನವರ ವಾದ್ಯ ಯಾವುದು? ಬಡಿತ ಯಾವಾಗ ಬದಲಾಗುತ್ತದೆ? ಕೊನೆಗೆ ಕಾರಣಿಕ ನುಡಿಯುವಾಗ ಏನು ಕೇಳುತ್ತದೆ? ಎಲ್ಲರೂ ನೋಡಿದ ಕಡೆ ಕಿವಿಗೊಟ್ಟು ಬರೆಯುವುದೇ ಸಂಗೀತ ಪತ್ರಿಕೆಯ ವಿಶೇಷ. ಇಂತಹ ಕಡೆ ಮಕ್ಕಳು ಗುಂಪಿನೊಳಗೆ ಹೋಗಬೇಕಿಲ್ಲ. ಮರುದಿನ ವಾದ್ಯದವರ ಮನೆಗೆ ಹೋಗಿ ಕೇಳಿದರೆ ಸಾಕು.

ಸಿನಿಮಾ ಹಾಡು: ಜನಪದ ಹಾಡು ಶ್ರೇಷ್ಠ, ಸಿನಿಮಾ ಹಾಡು ಹಗುರ ಎಂಬ ಭಾವನೆಯೂ ಒಂದು ಕಟ್ಟಳೆಯೇ. ಕಾಕಿನಾಡದಲ್ಲಿ 1930ರಲ್ಲಿ ಹುಟ್ಟಿದ ಪಿ.ಬಿ. ಶ್ರೀನಿವಾಸ್ ಕನ್ನಡದಲ್ಲಿ ಡಾ. ರಾಜಕುಮಾರರ ಕಂಠವೆಂದೇ ಹೆಸರಾದರು. ಅವರು 2013ರಲ್ಲಿ ತೀರಿಕೊಂಡರು. ಆಂಧ್ರದ ಮಗನ ಬಾಯಲ್ಲಿ ಕನ್ನಡ ಅಷ್ಟು ಸೊಗಸಾಗಿ ನುಡಿದದ್ದು ನಮ್ಮಂತಹ ಎರಡು ಭಾಷೆಯ ಊರಿನವರಿಗೆ ಅಭ್ಯಾಸಯೋಗ್ಯ ವಿಷಯ. ನಮ್ಮ ನಡುಪುಟಕ್ಕೆ ಇದಕ್ಕಿಂತ ಒಳ್ಳೆಯ ಲೇಖನ ಬೇಕೇ? ಎಡಪುಟದಲ್ಲಿ ಅವರ ತೆಲುಗು ಹಾಡುಗಳು, ಬಲಪುಟದಲ್ಲಿ ಕನ್ನಡ ಹಾಡುಗಳು. ನಡುವಿನ ಮಡಿಕೆಯೇ ಗಡಿ.

6. ಪುಟದ ಲೆಕ್ಕ

16 ಪುಟಗಳ ಪತ್ರಿಕೆಗೆ ನಾಲ್ಕು ದೊಡ್ಡ ಹಾಳೆ ಸಾಕು. ನಾಲ್ಕನ್ನೂ ಒಂದರ ಮೇಲೊಂದಿಟ್ಟು ನಡುವೆ ಮಡಿಸಿ ಮಡಿಕೆಯಲ್ಲಿ ದಾರದಿಂದ ಹೊಲಿಯಿರಿ. ಬರೆಯುವಾಗ ಹಾಳೆಗಳು ಬಿಡಿಬಿಡಿಯಾಗಿರುವುದರಿಂದ ಯಾವ ಪುಟದ ಪಕ್ಕಕ್ಕೆ ಯಾವ ಪುಟ ಬರುತ್ತದೆಂದು ಗೊಂದಲವಾಗುತ್ತದೆ. ಸೂತ್ರ ಸುಲಭ: ಹಾಳೆಯ ಒಂದೇ ಮಗ್ಗುಲಲ್ಲಿ ಬರುವ ಎರಡು ಪುಟಗಳ ಸಂಖ್ಯೆ ಕೂಡಿದರೆ ಯಾವಾಗಲೂ 17 ಆಗಬೇಕು. ಹೊರಹಾಳೆಯ ಹೊರಮಗ್ಗುಲಲ್ಲಿ 16 ಮತ್ತು 1, ಒಳಮಗ್ಗುಲಲ್ಲಿ 2 ಮತ್ತು 15. ಎರಡನೆಯ ಹಾಳೆಯಲ್ಲಿ 14 ಮತ್ತು 3, 4 ಮತ್ತು 13. ಮೂರನೆಯದರಲ್ಲಿ 12 ಮತ್ತು 5, 6 ಮತ್ತು 11. ಒಳಹಾಳೆಯಲ್ಲಿ 10 ಮತ್ತು 7. ಕೊನೆಗೆ 8 ಮತ್ತು 9. ಮಡಿಕೆಯ ಎಡಬಲಕ್ಕೆ ಬರುವ ಎದುರುಬದುರು ಪುಟಗಳು ಹಲವಿದ್ದರೂ, 8 ಮತ್ತು 9 ಮಾತ್ರ ಒಂದೇ ಹಾಳೆಯ ಮೇಲಿರುತ್ತವೆ. ನಡುಪುಟಕ್ಕೆ ಆ ಗೌರವ ಬಂದದ್ದು ಇದರಿಂದಲೇ. ಚಿತ್ರವನ್ನು ಮಡಿಕೆಯ ಆಚೆಗೂ ಹಿಗ್ಗಿಸಿ ಬರೆಯಬಹುದು.

ಪುಟದ ಸುತ್ತ ಎರಡು ಬೆರಳಷ್ಟು ಅಂಚು ಬಿಡಿ; ಮಡಿಕೆಯ ಕಡೆ ಇನ್ನೂ ಸ್ವಲ್ಪ ಹೆಚ್ಚು ಬಿಡಿ, ಇಲ್ಲವಾದರೆ ಅಕ್ಷರಗಳು ಹೊಲಿಗೆಯೊಳಗೆ ಸಿಕ್ಕಿಕೊಳ್ಳುತ್ತವೆ. ಹಾಡನ್ನು ಒಂದೇ ಅಂಕಣದಲ್ಲಿಯೂ ಲೇಖನವನ್ನು ಎರಡು ಅಂಕಣಗಳಲ್ಲಿಯೂ ಬರೆಯಿರಿ. ಹಾಡಿನ ಸಾಲನ್ನು ಸ್ಥಳವಿಲ್ಲವೆಂದು ನಡುವೆ ಮುರಿಯಬಾರದು. ಸಾಲು ಮುರಿದರೆ ಉಸಿರೂ ಮುರಿಯುತ್ತದೆ.

7. ಎಂದೂ ಮುರಿಯಬಾರದವು

ಇಷ್ಟೆಲ್ಲ ಮುರಿದ ಮೇಲೆ ಮುರಿಯಬಾರದ ಮೂರನ್ನು ನೆನಪಿಡಬೇಕು. ಮೊದಲನೆಯದು ಅಪ್ಪಣೆ. ಹಾಡಿದವರನ್ನು ಕೇಳದೆ ಅವರ ಹಾಡನ್ನಾಗಲಿ ಚಿತ್ರವನ್ನಾಗಲಿ ಹಾಕಬಾರದು. ಕೆಲವು ಹಾಡುಗಳು ದೇವರ ಮುಂದೆ ಮಾತ್ರ ಹಾಡತಕ್ಕವು, ಅವನ್ನು ಬರೆಯಬೇಡಿರೆಂದರೆ ಬರೆಯಬಾರದು. ಎರಡನೆಯದು ಹೆಸರು ಮತ್ತು ದಿನಾಂಕ. ಮೂರನೆಯದು ವಿಮರ್ಶೆಯ ನಯ. ಪಟ್ಟಣದ ವಿಮರ್ಶಕನು ಕಚೇರಿಯನ್ನು ಟೀಕಿಸಿ ತನ್ನ ಮನೆಗೆ ಹೋಗುತ್ತಾನೆ. ನಮ್ಮಲ್ಲಿ ಹಾಡಿದವರೂ ಬರೆದವರೂ ಒಂದೇ ಓಣಿಯವರು. ಮೊದಲು ಕೇಳಿದ್ದನ್ನು ಇದ್ದಂತೆ ಹೇಳಿ, ಆಮೇಲೆ ಮೆಚ್ಚಿದ್ದನ್ನೂ ಮೆಚ್ಚದಿದ್ದುದನ್ನೂ ಕಾರಣಸಹಿತ ಹೇಳಿ. ಸುಳ್ಳು ಹೊಗಳಿಕೆ ಬೇಡ, ಹಂಗಿಸುವುದೂ ಬೇಡ.

ಈ ಕೆಲಸಕ್ಕೆ ಅವಸರವೇಕೆಂದು ಕೇಳುವವರಿದ್ದಾರೆ. ಬಳ್ಳಾರಿ ಜಿಲ್ಲೆ ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮನವರಿಗೆ ಓದುಬರಹ ಬರುತ್ತಿರಲಿಲ್ಲ. ದೊಡ್ಡ ದೊಡ್ಡ ಕಥನಕಾವ್ಯಗಳು ಅವರ ನೆನಪಿನಲ್ಲಿಯೇ ಇದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಅವರಿಗೆ ನಾಡೋಜ ಗೌರವವನ್ನಿತ್ತಿತು. 2014ರಲ್ಲಿ ಅವರು ತೀರಿಕೊಂಡಾಗ, ಬಲ್ಲವರು ಅವರ ಮುಂದೆ ಕುಳಿತು ಬರೆದುಕೊಂಡದ್ದು, ಧ್ವನಿಮುದ್ರಿಸಿಕೊಂಡದ್ದು ನಾಡಿಗೆ ಉಳಿಯಿತು. ಅಂತಹ ಹೆಸರು ಗಳಿಸದ ಎಷ್ಟೋ ಈರಮ್ಮಂದಿರು ನಮ್ಮ ಓಣಿಗಳಲ್ಲಿದ್ದಾರೆ. ಅವರ ಮುಂದೆ ಕುಳಿತುಕೊಳ್ಳಲು ವಿಶ್ವವಿದ್ಯಾಲಯದವರು ಬರುವವರೆಗೆ ಕಾಯಲಾಗದು. ಮೊಬೈಲಿನಲ್ಲಿ ಧ್ವನಿ ಹಿಡಿಯಿರಿ, ಒಳ್ಳೆಯದೇ; ಆದರೆ ಫೋನು ಕೆಟ್ಟರೆ, ಬದಲಾದರೆ, ಹಾಡೂ ಹೋಗುತ್ತದೆ. ಅದೇ ದಿನ ಸಂಜೆ ಕಾಗದದ ಮೇಲೆ ಇಳಿಸಿರಿ. ಶಾಲೆಯ ಗ್ರಂಥಾಲಯದ ಕಪಾಟಿನಲ್ಲಿ ಒಂದು ಪ್ರತಿ, ಹಾಡಿದವರ ಮನೆಯಲ್ಲಿ ಒಂದು ಪ್ರತಿ ಇರಲಿ. ಎರಡನೆಯ ಪ್ರತಿಯನ್ನು ಕೊಡಲು ಹೋದಾಗ ಅದನ್ನು ಅವರ ಮುಂದೆ ಗಟ್ಟಿಯಾಗಿ ಓದಿರಿ. ಬಿಟ್ಟುಹೋದ ನುಡಿಯೊಂದನ್ನು ಅವರು ಆಗ ನೆನಪಿಸಿಕೊಂಡಾರು. ಅದು ನಿಮ್ಮ ಎರಡನೆಯ ಸಂಚಿಕೆಗೆ ಮೊದಲ ಪುಟವಾಗಲಿ.

ಅಭ್ಯಾಸ

(1) ನಿಮ್ಮ ಮನೆಯಲ್ಲಿರುವ ಯಾವುದಾದರೊಂದು ಪತ್ರಿಕೆಯ ಮುಖಪುಟದಲ್ಲಿ ಕಾಣುವ ಕಟ್ಟಳೆಗಳನ್ನು ಗುರುತಿಸಿ, ಪ್ರತಿಯೊಂದಕ್ಕೂ ಕಾರಣ ಬರೆಯಿರಿ.

(2) 24 ಪುಟಗಳ ಪತ್ರಿಕೆಗೆ ಎಷ್ಟು ಹಾಳೆ ಬೇಕು? ಒಂದೇ ಮಗ್ಗುಲಿನ ಎರಡು ಪುಟಗಳ ಸಂಖ್ಯೆ ಕೂಡಿದರೆ ಎಷ್ಟಾಗಬೇಕು? ನಡುಪುಟಗಳು ಯಾವುವು?

(3) ನಿಮ್ಮ ಓಣಿಯ ಹಿರಿಯರೊಬ್ಬರಿಂದ ಒಂದು ಹಾಡನ್ನು ಕೇಳಿ, ಅವರ ಅಪ್ಪಣೆ ಪಡೆದು, ಒಂದು ಅಕ್ಷರವನ್ನೂ ತಿದ್ದದೆ ಬರೆದು ತನ್ನಿರಿ. ಕಲಿಸಿದವರ ಹೆಸರನ್ನು ಕೇಳಲು ಮರೆಯಬೇಡಿರಿ.

(4) ನಿಮ್ಮ ಪತ್ರಿಕೆಯಲ್ಲಿ ನೀವು ಮುರಿಯಬಯಸುವ ಕಟ್ಟಳೆ ಒಂದನ್ನು ಹೆಸರಿಸಿ. ಅದನ್ನು ಮುರಿಯುವುದರಿಂದ ಯಾವ ಹಾಡಿಗೆ, ಯಾವ ಹಾಡುಗಾರರಿಗೆ ಸ್ಥಳ ದೊರೆಯುತ್ತದೆಂದು ತಿಳಿಸಿರಿ. ಯಾರಿಗೂ ದೊರೆಯದಿದ್ದರೆ ಆ ಕಟ್ಟಳೆಯನ್ನು ಹಾಗೆಯೇ ಇಟ್ಟುಕೊಳ್ಳಿರಿ.